ಬ್ಯಾಡ ಬಿಡು

ತಾತನ ಬಲಗೈಯ ಮೂರು ಬೆರಳುಗಳ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ಬೆಸುಗೆ ಹಾಕುವ ಕಾದ ಕಡ್ಡಿ ಹಿಡಿದು, ಬಿಸಿ ತಂತಿ ಚಿವುಟಿ ಚಿವುಟಿ ಅವು ಹುಣಸೆ ಬೀಜದ ಹಾಗೆ ನುಣ್ಣಗಾಗಿದ್ದವು. ರೇಷನ್ ಅಂಗಡಿಯ ಹೆಬ್ಬೆಟ್ಟಿನ ಮಷೀನು ಒಂದು ತಿಂಗಳೂ ಅವರನ್ನು ಒಪ್ಪಿಕೊಂಡದ್ದಿಲ್ಲ. ಇವರು ಒತ್ತಿದ್ದೇ ಒತ್ತಿದ್ದು, ಅದು ಕೆಂಪು ದೀಪ ತೋರಿಸಿದ್ದೇ ತೋರಿಸಿದ್ದು. ಕೊನೆಗೆ ಅವರ ಹೆಂಡತಿ, ಅಜ್ಜಿ, ಹೋಗಿ ತನ್ನ ಹೆಬ್ಬೆಟ್ಟು ಒತ್ತಿ ಅಕ್ಕಿ ತರುತ್ತಿದ್ದಳು. ತಾತ ಮಾತ್ರ ಆ ಮಷೀನಿನ ಮೇಲೆ ಸಿಟ್ಟಾಗುತ್ತಿರಲಿಲ್ಲ. ಅದರ ಗಾಜು ಒರೆಸಿ, ವೈರು ಅಲ್ಲಾಡಿಸಿ ನೋಡಿ, ಇದನ್ನು ಒಮ್ಮೆ ನನ್ನ ಅಂಗಡಿಗೆ ಕಳಿಸಿರಿ ಎಂದು ಹೇಳಿ ಬರುತ್ತಿದ್ದರು.

ಅವರು ನನ್ನ ಸ್ವಂತ ತಾತನಲ್ಲ. ಹೊಸಪೇಟೆಯ ಹಳೆಯ ಓಣಿಯೊಂದರಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದವರು. ನಮ್ಮ ಕಡೆ ತಲೆ ಬೆಳ್ಳಗಾದವರೆಲ್ಲ ತಾತನೇ. ವಯಸ್ಸಿನಲ್ಲಿದ್ದಾಗ ಸಂಡೂರಿನ ಗುಡ್ಡದ ಗಣಿಗಳಲ್ಲಿ ಲಾರಿ, ಯಂತ್ರಗಳ ವೈರ್‌ಲೆಸ್ ಸೆಟ್ಟು ರಿಪೇರಿ ಮಾಡಿಕೊಂಡಿದ್ದರಂತೆ. ಆಮೇಲೆ ಊರಿಗೆ ಬಂದು ಮನೆಯ ಮುಂದಿನ ಕೋಣೆಯನ್ನೇ ಅಂಗಡಿ ಮಾಡಿದರು. ರೇಡಿಯೋ, ಮಿಕ್ಸಿ, ಮೈಕಿನ ಪೆಟ್ಟಿಗೆ, ಮಾತಾಡುವ ಗೊಂಬೆ, ಯಾರು ಏನು ತಂದರೂ ಆಗದು ಅನ್ನುತ್ತಿರಲಿಲ್ಲ. ಆದರೆ ತಂದವರು ‘ಕೆಟ್ಟಿದೆ’ ಎಂದರೆ ಅವರಿಗೆ ಸರಿಬೀಳುತ್ತಿರಲಿಲ್ಲ. "ಕೆಟ್ಟಿಲ್ಲ, ಮುನಿಸ್ಕೊಂಡೈತಿ" ಎಂದು ತಿದ್ದುವರು. ಇದನ್ನು ಎಸೆದು ಹೊಸದು ತರಲೇ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ: "ಹೊಸಾದು ತಗೊಳ್ಳಾಕ ಯಾರಿಗೆ ಬರಂಗಿಲ್ಲ?"

ನನ್ನ ಕೆಲಸ ಹೊಳೆದಂಡೆಯದು. ಹಂಪಿಯಿಂದ ಕಂಪ್ಲಿಯ ಕಡೆಗೆ ಹೊಳೆ ಬಂಡೆಗಳ ನಡುವೆ ಹೊರಳುತ್ತ ಹೋಗುವಲ್ಲಿ ಒಂದು ಕಡೆ ನಮ್ಮ ಊರಿನ ದೋಣಿ ಸಂಘದವರ ಮೋಟಾರ್ ಬೋಟು ಇದೆ. ಬೋಟು ನಡೆಸುವವನು ನನ್ನ ಒಡಹುಟ್ಟಿದ ಅಣ್ಣ. ದಂಡೆಯ ಮೇಲೆ ತಗಡಿನ ಕ್ಯಾಬಿನ್ನಿನಲ್ಲಿ ಕೂರುವವಳು ನಾನು. ಬೆಳಿಗ್ಗೆ ಹೆಣ್ಣಾಳುಗಳನ್ನು ಆಚೆ ದಂಡೆಯ ಗದ್ದೆ, ಬಾಳೆತೋಟಗಳಿಗೆ ದಾಟಿಸಬೇಕು, ಮಧ್ಯಾಹ್ನ ಕರೆತರಬೇಕು. ರಸ್ತೆ ಹಿಡಿದು ಸುತ್ತಿ ಬಂದರೆ ಅರ್ಧ ದಿನ ಹೋಗುತ್ತದೆ. ಆಣೆಕಟ್ಟಿನಿಂದ ನೀರು ಬಂತೆಂದರೆ ಮೇಲಿನ ಊರಿನವರು ನನಗೆ ಫೋನು ಮಾಡುತ್ತಾರೆ, ನಾನು ಬೋಟು ನಿಲ್ಲಿಸಿ ಕೆಳಗಿನ ಊರಿಗೆ ಫೋನು ಮಾಡುತ್ತೇನೆ. ಆದರೆ ಆಚೆ ದಂಡೆಯಲ್ಲಿ ಬಂಡೆಗಳ ಸಂದಿಯಲ್ಲಿ ಮೊಬೈಲು ಹಿಡಿದರೆ ಸಿಗ್ನಲ್ಲು ಒಂದು ಗಳಿಗೆ ಇರುತ್ತದೆ, ಒಂದು ಗಳಿಗೆ ಇರುವುದಿಲ್ಲ. ಅದಕ್ಕೇ ಕ್ಯಾಬಿನ್ನಿನಲ್ಲೊಂದು, ಬೋಟಿನಲ್ಲೊಂದು ವೈರ್‌ಲೆಸ್ ಸೆಟ್ಟು. ಆಚೆಯಿಂದ ಹೊರಡುವ ಮೊದಲು ಅಣ್ಣ "ಬಿಡ್ಲ್ಯಾ?" ಎಂದು ಕೇಳಬೇಕು. ಹೊಳೆ ಸುಮ್ಮನಿದ್ದರೆ ನಾನು "ಬಿಡು" ಅನ್ನುತ್ತಿದ್ದೆ, ನೀರು ಬರುವಂತಿದ್ದರೆ "ಬ್ಯಾಡ ಬಿಡು" ಅನ್ನುತ್ತಿದ್ದೆ. ಮನೆಯಲ್ಲಿ ಇನ್ನೊಂದು ರೊಟ್ಟಿ ಹಾಕಲೇ ಎಂದರೆ ಬ್ಯಾಡ ಬಿಡು ಅನ್ನುವುದಿಲ್ಲವೇ, ಹಾಗೆ ಬಾಯಿಗೆ ಬಂದ ಮಾತು.

ಆ ವರ್ಷ ಮಳೆಗಾಲ ಇನ್ನೇನು ಹಿಡಿಯಬೇಕು ಅನ್ನುವಾಗ ಬೋಟಿನ ಸೆಟ್ಟು ಗೊರಗೊರ ಶುರು ಮಾಡಿತು. ಮಾತು ಇರಲಿ ಬಿಡಲಿ, ಒಗ್ಗರಣೆ ಹಾಕಿದ ಹಾಗೆ ಒಂದೇ ಸಮ ಸದ್ದು. ತಲೆಚಿಟ್ಟು ಹಿಡಿದು ಅಣ್ಣ ಅದರ ದನಿ ಸಣ್ಣದು ಮಾಡಿಡುವನು. ಆಮೇಲೆ ನಾನು ಕೂಗಿದ್ದು ಅವನಿಗೆ ಕೇಳುತ್ತಿರಲಿಲ್ಲ. ಎಸೆಯಿರಿ, ಹೊಸದು ತನ್ನಿರಿ ಎಂದು ನಾನು ಸಂಘದ ಹಿರಿಯರ ಬೆನ್ನು ಬಿದ್ದೆ. ನಾನು ಮೊದಲೇ ಕೂತಲ್ಲಿ ಕೂರುವವಳಲ್ಲ. ಅನ್ನ ಬೇಯುವ ಮೊದಲು ಮೂರು ಸಲ ಮುಚ್ಚಳ ತೆಗೆದು ನೋಡುವವಳು. ಪಡುವಣದಲ್ಲಿ ದಿನಾ ಮೋಡ ಕಟ್ಟುತ್ತಿದ್ದರೆ ನನಗೆ ಊಟ ಸೇರುತ್ತಿರಲಿಲ್ಲ. ಹಿರಿಯರು ನಿಧಾನವಾಗಿ ಎಲೆ ಅಡಿಕೆ ಹಾಕಿಕೊಂಡು, ಹೊಸಪೇಟೆಯ ತಾತನಿಗೆ ತೋರಿಸು, ಆತ ಹೇಳಿದಂತೆ ಮಾಡೋಣ ಎಂದರು. ಹೊಸದು ತರಬೇಕೋ ಬೇಡವೋ ಎಂದು ತಾತನನ್ನು ಕೇಳುವುದೆಂದರೆ ಹಾಲು ಮುಚ್ಚಿಡಲೇ ಎಂದು ಬೆಕ್ಕನ್ನು ಕೇಳಿದ ಹಾಗೆ. ಆದರೂ ಸೆಟ್ಟು ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ.

ತಾತ ಸೆಟ್ಟನ್ನು ಮುಟ್ಟಲಿಲ್ಲ. ಮೊದಲು ನನ್ನ ನಾಡಿ ನೋಡುವವರಂತೆ ಪ್ರಶ್ನೆ ಕೇಳಿದರು. ಇದರ ಜೊತೆ ಯಾರು ಇರುತ್ತಾರೆ, ಬಿಸಿಲಲ್ಲಿ ಇಡುತ್ತೀರೋ ನೆರಳಲ್ಲೋ, ಸಿಟ್ಟು ಬಂದಾಗ ಯಾರಾದರೂ ಇದಕ್ಕೆ ಗುದ್ದುತ್ತಾರೋ. ಅಣ್ಣ ಗುದ್ದುತ್ತಾನೆ ಎಂದೆ. ಬಸಿಯಲ್ಲಿ ಚಹಾ ಸುರಿದು ಸುರ್ರೆಂದು ಹೀರಿ, ಮತ್ತೆ ಸುರಿದು ಹೀರಿ, ಕೊನೆಗೆ ತಿರುಪು ಬಿಚ್ಚಿದರು. ಒಳಗೆ ಇರುವೆಗಳು ಸಂಸಾರ ಹೂಡಿದ್ದವು. ನಾನು ನಿಂತೇ ಇದ್ದೆ. ಕುಂದ್ರು ಎಂದರು, ಹೊತ್ತಾಗುತ್ತದೆ ಎಂದೆ. ನಾಲ್ಕು ದಿನ ಬಿಟ್ಟು ಬಾ ಎಂದರು. ಆ ನಾಲ್ಕು ದಿನದಲ್ಲಿ ನಾನು ಎಂಟು ಸಲ ಫೋನು ಮಾಡಿದೆ, ಎರಡು ಸಲ ಹೋಗಿಯೂ ಬಂದೆ. ಎರಡು ಸಲವೂ ಅಜ್ಜಿ ನನಗೆ ಮಂಡಕ್ಕಿ ಒಗ್ಗರಣೆ ಕೊಟ್ಟು ಕಳಿಸಿದಳು.

ಐದನೇ ದಿನ ಸೆಟ್ಟಿನ ಗೊರಗೊರ ಪೂರ್ತಿ ನಿಂತಿತ್ತು. ಅದನ್ನು ನನ್ನ ಕೈಗೆ ಕೊಟ್ಟು ಓಣಿಯ ತುದಿಗೆ ಹೋಗಿ ನಿಲ್ಲಲು ಹೇಳಿದರು. ತಾವು ಅಂಗಡಿಯಲ್ಲಿ ಇನ್ನೊಂದು ಸೆಟ್ಟು ಹಿಡಿದು "ಹಲೋ ಹಲೋ" ಎಂದರು. ಎದುರಿಗೆ ನಿಂತು ಹೇಳಿದ ಹಾಗೆ ಕೇಳಿತು. ತಾತನ ಪರೀಕ್ಷೆ ಇಷ್ಟೇ. ಮೈಕಾಗಲಿ, ಸೆಟ್ಟಾಗಲಿ, ಎರಡು ಹಲೋ. ಒಂದೂ ಅಲ್ಲ, ಮೂರೂ ಅಲ್ಲ. ನಲವತ್ತು ವರ್ಷದಿಂದ ಹೊಸಪೇಟೆಯ ಮದುವೆ, ಸಭೆ, ನಾಟಕಗಳ ಮೈಕುಗಳೆಲ್ಲ ಆ ಎರಡು ಹಲೋ ಕೇಳಿಯೇ ಬಾಯಿ ಬಿಟ್ಟವು. ನಾನು ಸೋತೆ. ತಾತ, ನೀವೇ ಗೆದ್ದಿರಿ ಎಂದು ಬಾಯಿ ಬಿಟ್ಟೇ ಹೇಳಿದೆ.

ಹೊಳೆಯ ಮೇಲೂ ಎಲ್ಲರಿಗೂ ಖುಷಿ. ಸೆಟ್ಟು ಮಾತಿಲ್ಲದಾಗ ಸುಮ್ಮನಿರುವುದನ್ನು ಕಲಿತಿದೆ, ನೀನೂ ಕಲಿ ಎಂದು ಅಣ್ಣ ನನ್ನನ್ನು ಆಡಿಕೊಂಡ. ಆದರೆ ಒಂದು ವಾರಕ್ಕೆ ಅವನದು ಹೊಸ ಚಾಳಿ ಶುರುವಾಯಿತು. ನಾನು ಏನು ಹೇಳಿದರೂ "ಏನಂದಿ?" ಅನ್ನುವನು. ಅಣ್ಣಾ ಎಂದು ಕರೆದರೆ ಬರೀ ‘ಣ್ಣಾ’ ಎಂದು ಕೇಳುತ್ತದೆ ಎನ್ನುವನು. ಕಿವಿ ತೊಳಕೊ ಎಂದು ಬೈದೆ. ಮತ್ತೆ ಸಮಾಧಾನವಾಗದೆ ಸೆಟ್ಟು ಬಿಚ್ಚಿಕೊಂಡು ತಾತನ ಹತ್ತಿರ ಹೋದೆ. ಅವರು ಮತ್ತೆ ನನ್ನನ್ನು ಓಣಿಯ ತುದಿಗೆ ಅಟ್ಟಿ ಹಲೋ ಹಲೋ ಎಂದರು. ಮತ್ತೆ ಸ್ವಚ್ಛವಾಗಿ ಕೇಳಿತು. ಆಗ ನನ್ನ ಮುಖ ನೋಡಿ ನಕ್ಕು ಹೇಳಿದರು: "ಗುಂಡಿ ಒತ್ತಿ, ಒಂದು ಉಸುರು ತಗೊಂಡು ಮಾತಾಡವ್ವ. ನಿಂದು ಭಾಳ ಗಡಿಬಿಡಿ." ನನ್ನ ಗಡಿಬಿಡಿ ನನಗೆ ಗೊತ್ತಿರುವುದೇ. ತಪ್ಪು ನನ್ನದೇ ಇರಬೇಕೆಂದು ಒಪ್ಪಿಕೊಂಡು ಬಂದೆ.

ಶ್ರಾವಣದ ಒಂದು ಮಧ್ಯಾಹ್ನ. ಆಚೆ ದಂಡೆಯಲ್ಲಿ ನಾಟಿ ಹಚ್ಚುತ್ತಿದ್ದ ಹದಿನಾಲ್ಕು ಹೆಂಗಸರು ಮಳೆ ಹನಿಯುತ್ತಿದೆ ಎಂದು ಬೇಗ ಕೆಲಸ ಮುಗಿಸಿ ಬೋಟಿನ ಹತ್ತಿರ ಬಂದಿದ್ದರು. ಅದೇ ಹೊತ್ತಿಗೆ ಮೇಲಿನ ಊರಿನಿಂದ ನನಗೆ ಫೋನು: ನೀರು ನಮ್ಮನ್ನು ದಾಟಿತು, ಭಾಳ ನೀರು. ಒಂದು ಕೈಯಲ್ಲಿ ಆ ಫೋನು ಹಿಡಿದಿದ್ದೆ. ಸೆಟ್ಟಿನಲ್ಲಿ ಅಣ್ಣ "ಬಿಡ್ಲ್ಯಾ?" ಎಂದ. ಇನ್ನೊಂದು ಕೈಯಿಂದ ಗುಂಡಿ ಒತ್ತಿ "ಬ್ಯಾಡ ಬಿಡು" ಎಂದೆ, ಹೇಳಿ ಮತ್ತೆ ಫೋನಿನ ಕಡೆ ತಿರುಗಿದೆ. ಕೆಳಗಿನ ಊರಿಗೆ ಸುದ್ದಿ ಮುಟ್ಟಿಸಿ ತಲೆ ಎತ್ತಿದರೆ ಬೋಟು ನಡುಹೊಳೆಯಲ್ಲಿತ್ತು.

ಸೆಟ್ಟಿಗೆ ಬಾಯಿ ಹಚ್ಚಿ ಎಷ್ಟು ಕೂಗಿದೆನೋ ದೇವರಿಗೇ ಗೊತ್ತು. ಇಂಜಿನ್ನಿನ ಸದ್ದಿಗೆ ಅಣ್ಣನಿಗೆ ಏನೂ ಕೇಳುತ್ತಿರಲಿಲ್ಲ. ನೋಡನೋಡುತ್ತಿದ್ದಂತೆ ಕೆಂಪು ನೀರು ಬಂದು ಬೋಟನ್ನು ನಮ್ಮ ದಂಡೆಯಿಂದ ತಪ್ಪಿಸಿ ಕೆಳಕ್ಕೆ ಎಳೆದುಕೊಂಡು ಹೋಯಿತು. ತೇಲುವ ಜಾಕೆಟ್ಟು ಹಾಕಿಕೊಂಡವರು ಅರ್ಧ ಜನ, ಉಳಿದವರು ಸೀರೆ ನೆನೆಯದಿರಲೆಂದು ಅದರ ಮೇಲೆ ಕೂತಿದ್ದರು. ಪುಣ್ಯಕ್ಕೆ ಬೋಟು ಎರಡು ಬಂಡೆಗಳ ನಡುವೆ ಸಿಕ್ಕಿಕೊಂಡಿತು. ಊರಿನ ಗಂಡಸರು ಹಗ್ಗ ಎಸೆದು ಒಬ್ಬೊಬ್ಬರನ್ನೇ ಬಂಡೆಗೆ ಹತ್ತಿಸಿಕೊಂಡರು. ಎಲ್ಲರೂ ಉಳಿದರು. ಆದರೆ ಆ ಹೆಂಗಸರ ಮೇಸ್ತ್ರಿಯ ಬಲಗೈ ಬೋಟಿಗೂ ಬಂಡೆಗೂ ನಡುವೆ ಸಿಕ್ಕಿ ಮುರಿಯಿತು. ನಾಟಿಯ ಕಾಲದಲ್ಲಿ ಆ ಕೈಯಿಂದಲೇ ಅವಳ ಮನೆ ನಡೆಯಬೇಕಿತ್ತು.

ಒದ್ದೆ ಬಟ್ಟೆಯಲ್ಲಿ ನಡುಗುತ್ತ ಬಂದ ಅಣ್ಣ ಎಲ್ಲರೆದುರು ಕೇಳಿದ: "ಬಿಡು ಅಂದೆಲ್ಲ ನೀನು. ಯಾಕಂದಿ?" ಬ್ಯಾಡ ಅಂದೆ ಎಂದೆ. ನನ್ನ ಮಾತು ಯಾರೂ ನಂಬಲಿಲ್ಲ. ನಂಬುವುದಾದರೂ ಹೇಗೆ? ಬೋಟಿನಲ್ಲಿದ್ದ ಹದಿನಾಲ್ಕು ಜನವೂ ಸೆಟ್ಟಿನ ಮಾತು ಕಿವಿಯಾರೆ ಕೇಳಿದ್ದರು. ಬಿಡು ಅಂತಲೇ ಬಂತವ್ವ ಎಂದು ಮೇಸ್ತ್ರಿ ನೋವಿನಲ್ಲೂ ಹೇಳಿದಳು. ಅವಳಿಗೆ ನನ್ನ ಮೇಲೆ ದ್ವೇಷವೇನೂ ಇರಲಿಲ್ಲ, ಕೇಳಿದ್ದನ್ನು ಹೇಳಿದಳು. ಸೆಟ್ಟಿನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಅದನ್ನು ಮುಟ್ಟಿದ್ದು ತಾತನ ಕೈ.

ಮಾತು ಆಡಿದರೆ ಹೋಯಿತು ಅನ್ನುತ್ತಾರೆ. ನನ್ನದು ಆಡಿದರೂ ಹೋಗಿರಲಿಲ್ಲ. ಅಣ್ಣ ನನ್ನ ಜೊತೆ ಮಾತು ಬಿಟ್ಟ. ನಾನು ಬಡಿಸಿದರೆ ತಟ್ಟೆ ಮುಂದಿನಿಂದ ಎದ್ದು ಹೋಗುವನು. ಸಂಘದವರು ಕ್ಯಾಬಿನ್ನಿನ ಕೀಲಿ ಇಸಿದುಕೊಂಡು, ಸೋಮವಾರ ಎಲ್ಲರೂ ಸೇರಿ ತೀರ್ಮಾನ ಮಾಡೋಣ ಎಂದರು. ನೀರು ಸೇದಲು ಹೋದರೆ ಹೆಂಗಸರು ದಾರಿ ಬಿಡುವರು, ಮಾತಾಡಿಸುತ್ತಿರಲಿಲ್ಲ. ಫೋನು ಹಿಡಿದು ಗಾಬರಿಯಲ್ಲಿ ಬಾಯಿ ತಪ್ಪಿರಬೇಕು ಪಾಪ ಎಂದು ನನ್ನ ಪರ ಮಾತಾಡುವವರು ಇನ್ನೂ ಕೆಟ್ಟದಾಗಿ ಚುಚ್ಚಿದರು. ಮನೆಯಲ್ಲಿ ಒಳಗೆ ಹೊರಗೆ ತಿರುಗಿದ್ದೇ ತಿರುಗಿದ್ದು. ಬ್ಯಾಡ ಅಂದೆನೇ? ಅಂದ ಹಾಗಿದೆ. ನಿಜವಾಗಿ ಅಂದೆನೇ? ಮೂರನೇ ದಿನದ ಹೊತ್ತಿಗೆ ನನ್ನ ಬಾಯಿಯನ್ನು ನಾನೇ ನಂಬದಂತಾಗಿದ್ದೆ.

ಅವತ್ತು ಹೊಸಪೇಟೆಗೆ ಹೋದೆ. ತಾತ ಬಸಿಯಲ್ಲಿ ಚಹಾ ಸುರಿದುಕೊಳ್ಳುತ್ತಿದ್ದರು. ಸೆಟ್ಟು ಸುಳ್ಳು ಹೇಳುತ್ತದೆಯೇ ತಾತ ಎಂದು ಕೇಳಿದೆ. ಹೇಳುವುದಿಲ್ಲ ಎಂದರು. ನಡೆದದ್ದನ್ನೆಲ್ಲ ಹೇಳಿದೆ, ಹೇಳುತ್ತ ಅತ್ತೆ. ಅವರು ಸಮಾಧಾನ ಮಾಡಲಿಲ್ಲ.

"ಅವತ್ತು ಏನಂದಿ? ಅಂದಂಗ ಅನ್ನು" ಎಂದರು.

"ಬ್ಯಾಡ ಬಿಡು."

"ಬಿಡಬ್ಯಾಡ ಅನಲಿಲ್ಲ?"

"ಇಲ್ಲ ತಾತ. ಬ್ಯಾಡ ಬಿಡು ಅಂದೆ."

ತಮ್ಮಷ್ಟಕ್ಕೆ ತುಟಿ ಅಲ್ಲಾಡಿಸುತ್ತ ಅದನ್ನೇ ಎರಡು ಸಲ ಹೇಳಿಕೊಂಡರು. ಬಸಿಯನ್ನು ಕೆಳಗಿಟ್ಟರು. ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದು, ನಡಿ ಎಂದರು. ಅಂಗಡಿ ಯಾರು ನೋಡಬೇಕು ಎಂದು ಅಜ್ಜಿ ಕೂಗಿದ್ದಕ್ಕೆ ತಿರುಗಿಯೂ ನೋಡಲಿಲ್ಲ. ನನ್ನಂಥ ನಾನೇ ಅವರ ಹಿಂದೆ ಓಡಬೇಕಾಯಿತು. ಬಸ್ಸಿನಲ್ಲಿ ಕಿಟಕಿಯ ಕಂಬಿ ಹಿಡಿದು ಕೂತವರು ನಮ್ಮ ಊರು ಬರುವವರೆಗೆ ಅದನ್ನೇ ತುಟಿಯಲ್ಲಿ ಹೇಳಿಕೊಳ್ಳುತ್ತಿದ್ದರು.

ಹೊಳೆ ಅಷ್ಟರಲ್ಲಿ ಇಳಿದಿತ್ತು, ಬೋಟನ್ನು ಎಳೆದು ತಂದು ತೇಪೆ ಹಾಕಿದ್ದರು. ತಾತ ಸಂಘದ ಇಬ್ಬರು ಹಿರಿಯರನ್ನೂ, ಆವತ್ತು ಬೋಟಿನಲ್ಲಿದ್ದ ಹೆಂಗಸರಲ್ಲಿ ಸಿಕ್ಕವರನ್ನೂ ಕರೆಸಿದರು. ಕೈಗೆ ಪಟ್ಟಿ ಕಟ್ಟಿಕೊಂಡ ಮೇಸ್ತ್ರಿಯೂ ಬಂದಳು. ಎಲ್ಲರೂ ಬೋಟಿನಲ್ಲಿ ಆಚೆ ದಂಡೆಗೆ ಹೋಗಿ ಸೆಟ್ಟಿನ ಸುತ್ತ ಕೂರುವುದು, ನಾನು ಈಚೆ ಕ್ಯಾಬಿನ್ನಿನಲ್ಲಿ ನಿಂತು ಮಾತಾಡುವುದು ಎಂದಾಯಿತು. ನನ್ನನ್ನು ಬದಿಗೆ ಕರೆದು ಏನು ಹೇಳಬೇಕೆಂದು ಹೇಳಿಕೊಟ್ಟರು. ದಿನಾ ಹೇಳುವ ಗಡಿಬಿಡಿಯಲ್ಲೇ ಹೇಳಬೇಕು, ನಿಧಾನ ಮಾಡಬಾರದು ಎಂದರು.

ಮೊದಲು ಹಲೋ ಹಲೋ ಎಂದೆ. ಆಚೆಯಿಂದ ಅಣ್ಣನ ದನಿ ಬಂತು: ಹಲೋ ಅಂತ ಕೇಳಿತು, ಸರಿಯಾಗಿದೆ. ಆಮೇಲೆ ಬ್ಯಾಡ ಬಿಡು ಎಂದೆ. ಬಿಡು ಅಂತ ಕೇಳಿತು ಎಂದ. ಮತ್ತೆ ಬ್ಯಾಡ ಬಿಡು ಎಂದೆ. ಬಿಡು ಎಂದ. ಐದು ಸಲ ಹೇಳಿದೆ, ಐದು ಸಲವೂ ಬಿಡು ಎಂದ. ಕೊನೆಗೆ ತಾತ ಹೇಳಿಕೊಟ್ಟ ಹಾಗೆ ‘ಒಂದು ಎರಡು ಬ್ಯಾಡ ಬಿಡು’ ಎಂದೆ. ‘ಎರಡು ಬ್ಯಾಡ ಬಿಡು’ ಅಂತ ಕೇಳಿತು ಎಂದ ಅಣ್ಣ. ಆಚೆ ದಂಡೆಯ ಮೇಲೆ ತಾತ ಎದ್ದು ನಿಂತು ಅವರಿಗೆಲ್ಲ ಕೈ ಮಾಡಿ ಏನೋ ಹೇಳುತ್ತಿರುವುದು ಕಾಣುತ್ತಿತ್ತು. ಆಮೇಲೆ ಸೆಟ್ಟಿನಲ್ಲಿ ಬಂದದ್ದು ಅಣ್ಣನ ದನಿಯಲ್ಲ, ಮೇಸ್ತ್ರಿಯದು.

"ಯವ್ವಾ, ಅವತ್ತು ನೀ ಬ್ಯಾಡ ಅಂದಿದ್ದೇನವ್ವ?"

ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ.

ಈಚೆಗೆ ಬಂದ ಮೇಲೆ ತಾತ ಎಲ್ಲರಿಗೂ ಬಿಡಿಸಿ ಹೇಳಿದರು. ಗೊರಗೊರ ನಿಲ್ಲಿಸಲು ತಾವು ಸೆಟ್ಟಿನ ಬಾಯಿ ಬಿಗಿ ಮಾಡಿದ್ದು ನಿಜ. ಮಾತಿಲ್ಲದಾಗ ಅದು ಬಾಯಿ ಮುಚ್ಚಿಕೊಂಡಿರುತ್ತದೆ, ಮಾತು ಬಂದ ಕೂಡಲೇ ತೆರೆಯಬೇಕು. ಓಣಿಯಲ್ಲಿ ಹತ್ತಿರದಿಂದ ಮಾತಾಡಿದಾಗ ತಕ್ಷಣ ತೆರೆಯುತ್ತಿತ್ತು. ಹೊಳೆಯಾಚೆ ಬಂಡೆಗಳ ಮರೆಯಲ್ಲಿ ದನಿ ಸೊರಗಿ ಬರುವುದರಿಂದ ತಡವಾಗಿ ತೆರೆಯುತ್ತಿತ್ತು. ಅಷ್ಟರಲ್ಲಿ ಮೊದಲ ಮಾತು ಹೋಗಿಬಿಡುತ್ತಿತ್ತು. "ನಾ ಯಾವಾಗ್ಲೂ ಹಲೋ ಹಲೋ ಅಂತೀನಿ. ಒಂದು ಹಲೋ ಸತ್ರೂ ಇನ್ನೊಂದು ಮುಟ್ಟತೈತಿ. ಈಕಿ ಬಂದು ಹೇಳಿದ್ಲು, ಮಾತು ತುಂಡಾಗತೈತಿ ತಾತ ಅಂತ. ನಾ ನಕ್ಕು ಕಳಿಸ್ದೆ" ಎಂದರು.

ಅವರು ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಊರೆಲ್ಲ ತಪ್ಪನ್ನು ನನ್ನ ತಲೆಗೆ ಕಟ್ಟಿಯಾಗಿತ್ತು, ಅವರ ಕೈಯ ಮೇಲೆ ಒಂದು ಹುಲ್ಲುಕಡ್ಡಿಯಷ್ಟು ಅನುಮಾನವಿರಲಿಲ್ಲ. ಎಪ್ಪತ್ತು ದಾಟಿದ ಮನುಷ್ಯ ಮರುದಿನ ಬರುತ್ತೇನೆ ಎಂದೂ ಅನ್ನದೆ ಚಹಾ ಬಿಟ್ಟು ಎದ್ದು ಬಂದು, ಹೊಳೆದಂಡೆಯಲ್ಲಿ ನಿಂತು, ತನ್ನ ಹೆಸರನ್ನು ತಾನೇ ಕಳೆದುಕೊಂಡು ನನ್ನದನ್ನು ಉಳಿಸಿಕೊಟ್ಟರು. ಮೇಸ್ತ್ರಿಯ ಮುಂದೆ ನಿಂತು, ನಿನ್ನ ಕೈಗೆ ಹೀಗಾಗಿದ್ದು ನನ್ನಿಂದ ತಾಯಿ ಎಂದು ಕೈ ಮುಗಿದರು. ಅವಳು ಹಿರಿಯರು ಹಾಗೆ ಮಾಡಬಾರದು ಎಂದು ಎಡಗೈಯಿಂದ ಅವರ ಕೈ ಬಿಡಿಸಿದಳು. ಆ ನಾಟಿಯ ಕಾಲ ಮುಗಿಯುವವರೆಗೆ ವಾರಕ್ಕೊಮ್ಮೆ ಅಜ್ಜಿ ಜೋಳ, ಬೇಳೆ ಹೊತ್ತುಕೊಂಡು ಮೇಸ್ತ್ರಿಯ ಮನೆಗೆ ಬಂದು ಹೋಗುತ್ತಿದ್ದಳು.

ಸಂಘದ ಹಿರಿಯರೊಬ್ಬರು, ದೋಷ ಈಗ ಗೊತ್ತಾಯಿತಲ್ಲ, ಇದನ್ನೇ ಸರಿ ಮಾಡಿಕೊಡಿ ತಾತ ಎಂದರು. ಒಂದು ತಾಸಿನ ಕೆಲಸ ಎಂದು ನನಗೂ ಗೊತ್ತಿತ್ತು. ತಾತ ಸೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅದನ್ನು ಬಹಳ ಹೊತ್ತು ಸವರಿದರು.

"ಮಾಡಬಹುದು. ಆದ್ರ ಸರಿ ಆಗೇತಿ ಅಂತ ಹೇಳಾವ ಮತ್ತ ನಾನ. ನನ್ನ ಮಾತಿನ ಮ್ಯಾಲೆ ಮತ್ತ ಇಷ್ಟು ಮಂದೀನ ಹೊಳಿಗೆ ಇಳಸಬ್ಯಾಡ್ರಿ. ಹೊಸಾದು ತಗೋರಿ."

ಅವರ ಬಾಯಲ್ಲಿ ಆ ಮಾತು ಬಂದದ್ದು ಅದೊಂದೇ ಸಲ ಇರಬೇಕು. ಹೊಸದು, ಹೊಸದು ಎಂದು ತಿಂಗಳುಗಟ್ಟಲೆ ಕುಣಿದ ನನಗೆ ಆ ಗಳಿಗೆ ಒಂದು ಚೂರೂ ಸಂತೋಷವಾಗಲಿಲ್ಲ. ಅದೇ ಹಿರಿಯರು, ಹುಡುಗಿಯೂ ಒಂದು ಉಸಿರು ನಿಧಾನಿಸಿ ಮಾತಾಡಿದ್ದರೆ ಇಷ್ಟಾಗುತ್ತಿರಲಿಲ್ಲ ಎಂದು ಗೊಣಗಿದರು. ತಾತ ಮುಖ ಎತ್ತಿ, ನೀರು ಬರುವಾಗ ಯಾರು ಉಸಿರು ತೆಗೆದುಕೊಂಡು ಮಾತಾಡುತ್ತಾರೆ, ಗಡಿಬಿಡಿಯವರಿಗೂ ನಡೆಯುವಂತಿದ್ದರೆ ಮಾತ್ರ ಅದು ಸೆಟ್ಟು ಎಂದರು. ಅಣ್ಣ ಅವತ್ತು ಸಂಜೆ ನಾನು ಬಡಿಸಿದ ಊಟ ಉಂಡ. ಉಂಡು ಎದ್ದು, ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದ. ಅವನ ಕ್ಷಮೆ ಕೇಳುವ ರೀತಿ ಅದು.

ಹೊಸ ಸೆಟ್ಟು ಕೊಳ್ಳಲು ತಾತ ತಾವೇ ಜೊತೆಗೆ ಬಂದರು. ಅಂಗಡಿಯವನು ಬಣ್ಣದ ಪೆಟ್ಟಿಗೆ ಬಿಚ್ಚಿ ಹಲೋ ಹಲೋ ಅನ್ನಲು ಬಾಯಿ ತೆರೆದ. ತಾತ ಅವನ ಕೈ ಹಿಡಿದು ನಿಲ್ಲಿಸಿದರು. ನನ್ನನ್ನು ಒಂದು ಸೆಟ್ಟಿನೊಂದಿಗೆ ರೈಲ್ವೆ ಸ್ಟೇಷನ್ನಿನವರೆಗೆ ನಡೆಸಿ, ಅಲ್ಲಿಂದ ‘ಬ್ಯಾಡ’ ಎಂದು ಒಂದೇ ಒಂದು ಮಾತು ಹೇಳು, ಮತ್ತೇನೂ ಹೇಳಬೇಡ ಎಂದರು. ಸ್ಟೇಷನ್ನಿನ ಮುಂದೆ ನಿಂತು ಬ್ಯಾಡ, ಬ್ಯಾಡ ಎಂದು ಕೂಗುವ ನನ್ನನ್ನು ಒಬ್ಬ ಹಣ್ಣಿನ ಗಾಡಿಯವನು, ಬ್ಯಾಡಾದ್ರ ಮುಂದ ಹೋಗವ್ವ ಎಂದು ಗದರಿದ. ಮೂರು ಸೆಟ್ಟು ವಾಪಸ್ಸು ಮಾಡಿ ನಾಲ್ಕನೆಯದನ್ನು ಒಪ್ಪಿದರು.

ಅಷ್ಟಕ್ಕೆ ಮುಗಿಯಲಿಲ್ಲ. ನನ್ನ ಕಾಲಿನ ಚಕ್ರ ಅವರ ಕಾಲಿಗೆ ಬಂದಿತ್ತು. ತಾವು ಬಿಗಿ ಮಾಡಿಕೊಟ್ಟ ಸೆಟ್ಟುಗಳು ಇನ್ನೂ ಎಲ್ಲೆಲ್ಲಿವೆಯೋ ಎಂದು ಅವರಿಗೆ ನಿದ್ದೆ ಹತ್ತುತ್ತಿಲ್ಲ ಎಂದು ಅಜ್ಜಿ ಹೇಳಿದಳು. ಅಂಗಡಿ ಮುಚ್ಚಿ ಸಂಡೂರಿಗೆ ಹೋಗುವರು, ಕಂಪ್ಲಿಗೆ ಹೋಗುವರು, ಎಮ್ಮಿಗನೂರಿನಲ್ಲಿ ಕಬ್ಬಿನ ಲಾರಿಯವರನ್ನು ಹುಡುಕುವರು. ಕುರೆಕುಪ್ಪದ ಹತ್ತಿರ ಒಬ್ಬ ಕ್ರೇನ್ ನಡೆಸುವವನ ಹತ್ತಿರ ಹೋಗುವಾಗ ನಾನೂ ಜೊತೆಗಿದ್ದೆ. ಭಾರ ಇಳಿಸಬಾರದೆಂದರೆ ಕೆಳಗಿನವರು ನಿನಗೆ ಏನೆನ್ನುತ್ತಾರೆ ಎಂದು ಅವನನ್ನು ಕೇಳಿದರು. ಇಳಸಬ್ಯಾಡ ಅನ್ನುತ್ತಾರೆ ಎಂದ. ತಾತನ ಮುಖ ಅರಳಿತು. ಮೊದಲು ತುಂಡಾದರೂ ಬ್ಯಾಡ ಉಳಿಯುತ್ತದೆ ಎಂದರು. ಆದರೂ ಅವನ ಸೆಟ್ಟು ಬಿಚ್ಚಿ ಸಡಿಲ ಮಾಡಿಕೊಟ್ಟೇ ಎದ್ದರು. ಬರುವಾಗ ದಾರಿಯಲ್ಲಿ ನನಗೆ ಹೇಳಿದರು:

"ಹೋಗಬ್ಯಾಡ, ಬರಬ್ಯಾಡ, ಮುಟ್ಟಬ್ಯಾಡ. ನಮ್ಮ ಮಾತಿನಾಗ ಬ್ಯಾಡ ಅನ್ನೋದು ಹಿಂದ ಇರತೈತಿ. ನಿನ್ನ ಬಾಯಾಗ ಮುಂದ ಬಂತಲ್ಲವ್ವ. ಇನ್ಮ್ಯಾಲೆ ಹೊಳಿ ಮ್ಯಾಲೆ ಬಿಡಬ್ಯಾಡ ಅನ್ನು. ಹೊಸಾ ಸೆಟ್ಟಂತ ನಂಬಬ್ಯಾಡ."

ಅವತ್ತಿನಿಂದ ನಮ್ಮ ದಂಡೆಯಲ್ಲಿ ಅದೇ ಮಾತು. ನನಗೆ ಕೀಲಿ ವಾಪಸ್ಸು ಕೊಟ್ಟ ದಿನ ಹಿರಿಯರು ಅದನ್ನು ಸುಣ್ಣದಲ್ಲಿ ಕ್ಯಾಬಿನ್ನಿನ ಗೋಡೆಯ ಮೇಲೆ ಬರೆಸಿದರು.

ಮರುವರ್ಷದ ಮಳೆಗಾಲದಲ್ಲಿ ತಾತ ಹೋದರು. ನಾಲ್ಕು ದಿನ ಜ್ವರ, ಐದನೇ ದಿನ ಬೆಳಿಗ್ಗೆ ಅಜ್ಜಿಯ ಫೋನು. ಸಂಜೆಯೊಳಗೆ ಮಣ್ಣು ಮಾಡುತ್ತಾರೆ, ಬಾ ಎಂದಳು. ಆ ಫೋನು ಇಡುತ್ತಿದ್ದಂತೆ ಮೇಲಿನ ಊರಿನಿಂದ ಇನ್ನೊಂದು ಫೋನು ಬಂತು, ನೀರು ದಾಟಿತು ಎಂದು. ಅಣ್ಣ ಹೆಂಗಸರನ್ನು ಬಿಟ್ಟು ಖಾಲಿ ಬೋಟಿನಲ್ಲಿ ಆಚೆ ದಂಡೆಯಲ್ಲಿದ್ದ. ಹೊಳೆ ಏರುವಾಗ ಕ್ಯಾಬಿನ್ ಬಿಟ್ಟು ಹೋಗುವಂತಿಲ್ಲ. ಕೆಳಗಿನ ಊರುಗಳಿಗೆ ಹೇಳಬೇಕು, ಬಂಡೆಗಳ ಮೇಲಿರುವವರನ್ನು ಕೂಗಿ ಕರೆಯಬೇಕು. ಆ ಕೆಲಸ ಗೊತ್ತಿದ್ದವರು ನಾನು ಬಿಟ್ಟರೆ ಅಣ್ಣ ಒಬ್ಬನೇ.

ಸೆಟ್ಟಿನಲ್ಲಿ ಅವನಿಗೆ ಎರಡೂ ಸುದ್ದಿ ಹೇಳಿದೆ. ಅವನು ಹೇಳಿದ: "ನೀರು ಇನ್ನೂ ಬಂದಿಲ್ಲ. ಹತ್ತು ನಿಮಿಷದಾಗ ಬರ್ತೀನಿ. ಇಲ್ಲಿ ನಾ ಕುಂದ್ರತೀನಿ, ನೀ ಹೋಗಿ ತಾತನ ಮಾರಿ ನೋಡಿ ಬಾ. ಬಿಡ್ಲ್ಯಾ?"

ಹೊಳೆ ಕಣ್ಣೆದುರಿಗೆ ಸುಮ್ಮನೆ ಹರಿಯುತ್ತಿತ್ತು. ಹೊಸಪೇಟೆಯ ಬಸ್ಸು ಊರಿನ ಬಾಯಲ್ಲಿ ಹಾರನ್ ಹೊಡೆಯುತ್ತಿತ್ತು.

"ಬಿಡಬ್ಯಾಡ" ಎಂದೆ.

ಅಣ್ಣ ಮತ್ತೊಮ್ಮೆ ಕೇಳಿದ. ಕೇಳಿಸಿರಲಿಲ್ಲವೆಂದಲ್ಲ, ನನಗಾಗಿ ಕೇಳಿದ.

"ಬಿಡಬ್ಯಾಡ ಅಣ್ಣ. ಬೋಟು ಕಟ್ಟು."

ಆತು ಎಂದು ಕಟ್ಟಿದ. ನೀರು ಬಂದದ್ದು ಮುಕ್ಕಾಲು ಗಂಟೆಯ ಮೇಲೆ. ಅಷ್ಟರಲ್ಲಿ ಅವನು ಎರಡು ಸಲ ಹೋಗಿ ಬರಬಹುದಿತ್ತು. ನಾನು ಕ್ಯಾಬಿನ್ನಿನೊಳಗೆ ಆ ಗೋಡೆಯಿಂದ ಈ ಗೋಡೆಗೆ ತಿರುಗುತ್ತ, ಬಾರದ ನೀರಿಗೂ, ಆಣೆಕಟ್ಟಿಗೂ, ತಾತನಿಗೂ ಬಾಯಿಗೆ ಬಂದಂತೆ ಬೈದೆ. ಅಣ್ಣ ರಸ್ತೆ ಸುತ್ತಿ ಟ್ರ್ಯಾಕ್ಟರಿನಲ್ಲಿ ಬಂದು ಸೇರುವ ಹೊತ್ತಿಗೆ ದೀಪ ಹಚ್ಚುವ ಸಮಯವಾಗಿತ್ತು, ಮಣ್ಣು ಮುಗಿದಿತ್ತು. ಮತ್ತೆ ಮೂರು ದಿನ ಹೊಳೆ ಇಳಿಯಲಿಲ್ಲ, ಹಗಲು ರಾತ್ರಿ ಇಬ್ಬರೂ ಸರದಿಯಲ್ಲಿ ಕ್ಯಾಬಿನ್ ಕಾದೆವು.

ನಾಲ್ಕನೇ ದಿನ ಹೋದೆ. ಅಜ್ಜಿ ಹೊಸ್ತಿಲಲ್ಲಿ ಕೂತಿದ್ದಳು. ಎಲ್ಲರೂ ಬಂದರು, ಕ್ರೇನಿನವನೂ ಬಂದ, ಮೇಸ್ತ್ರಿ ಬಂದಳು, ಮಣ್ಣಿಗೆ ನೀನೇ ಬರಲಿಲ್ಲವಲ್ಲ ಎಂದು ಕೇಳಿದಳು. ದನಿಯಲ್ಲಿ ಸಿಟ್ಟಿತ್ತು. ನೀರು ಬಂದದ್ದು, ಅಣ್ಣ ಬರುತ್ತೇನೆ ಎಂದದ್ದು, ನಾನು ಬಿಡಬ್ಯಾಡ ಎಂದದ್ದು, ಎಲ್ಲವನ್ನೂ ಹೇಳಿದೆ. ನೀರು ತಡವಾಗಿ ಬಂದದ್ದನ್ನೂ ಮುಚ್ಚಿಡಲಿಲ್ಲ. ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡು ನನ್ನನ್ನೇ ನೋಡಿದಳು.

"ಹೊಳಿ ಬಿಟ್ಟು ಬಂದಿದ್ರ ಅವರ ಎದ್ದು ಕುಂತು ಬೈತಿದ್ರು ನಿನಗ" ಎಂದಳು.

ಹೇಳಿ ಅತ್ತಳು. ನಾನೂ ಅತ್ತೆ.